ಟಕಾರದ ಹಿಂದೆ ಮರೆಯಾದ ಪಥ

‘ಸ್ಪುಟ್ನಿಕ್’ ಎಂದು ನಾವು ಬರೆಯುವ ಪದದಲ್ಲಿ ಟಕಾರ ಇರಬೇಕಾಗಿರಲಿಲ್ಲ. ರಷ್ಯನ್ನರು ಆ ಅಕ್ಷರವನ್ನು ನಾಲಿಗೆಯ ತುದಿ ಹಲ್ಲಿಗೆ ತಾಗಿಸಿ, ನಮ್ಮ ತಕಾರದಂತೆಯೇ ನುಡಿಯುತ್ತಾರೆ. ಅವರ ಬಾಯಲ್ಲಿ ಅದು ‘ಸ್ಪುತ್ನಿಕ್’. ಇಂಗ್ಲಿಷಿನಲ್ಲಿ ತ–ಟ ಎಂಬ ಭೇದವಿಲ್ಲ. ಪದ ಆ ಭಾಷೆಯ ಪತ್ರಿಕೆಗಳನ್ನು ದಾಟಿಕೊಂಡು ಬಂದದ್ದರಿಂದ ಟಿಕೆಟ್ಟಿನ ಟ, ಸ್ಟೇಷನ್ನಿನ ಟ ಇದಕ್ಕೂ ಅಂಟಿಕೊಂಡಿತು. ಎರಡಕ್ಕೂ ಬೇರೆಬೇರೆ ಅಕ್ಷರವಿರುವ ಕನ್ನಡ ಮೂಲದ ಉಚ್ಚಾರಣೆಯನ್ನು ಹಾಗೆಯೇ ಹಿಡಿಯಬಹುದಿತ್ತು. ಆದರೆ ಸುತ್ತುದಾರಿಯಲ್ಲಿ ಬಂದ ಅತಿಥಿಯನ್ನು ಸುತ್ತುದಾರಿಯ ಹೆಸರಿನಿಂದಲೇ ಕರೆದುಬಿಟ್ಟಿತು. ಬರೀ ಒಂದು ಅಕ್ಷರದ ಮಾತಾಗಿದ್ದರೆ ನಾನು ಇಷ್ಟು ಹಟ ಹಿಡಿಯುತ್ತಿರಲಿಲ್ಲ. ತಕಾರ ಉಳಿದಿದ್ದರೆ ಈ ಪದ ನಮ್ಮ ಕಿವಿಗೆ ಹೊರಗಿನದು ಎನಿಸುತ್ತಲೇ ಇರಲಿಲ್ಲ. ಅದರ ಹೊಟ್ಟೆಯೊಳಗಿರುವುದು ನಮ್ಮ ‘ಪಥ’.

ಬಿಡಿಸಿ ನೋಡಿದರೆ ಅದರಲ್ಲಿ ಮೂರು ತುಂಡುಗಳಿವೆ: ಸ್, ಪುತ್, ನಿಕ್. ನಡುವಿನ ‘ಪುತ್’ ಎಂದರೆ ರಷ್ಯನ್ನಿನಲ್ಲಿ ದಾರಿ. ಸಂಸ್ಕೃತದ ‘ಪಥಿನ್’, ‘ಪಂಥಾಃ’ ರೂಪಗಳೂ ಇದೂ ಒಂದೇ ಪುರಾತನ ಬೇರಿನ ಚಿಗುರುಗಳು. ಅದೇ ಬೇರು ಲ್ಯಾಟಿನ್ನಿನಲ್ಲಿ ಸೇತುವೆ ಎಂಬರ್ಥದ ‘ಪೋನ್ಸ್’ ಆಯಿತು. ಗ್ರೀಕಿನಲ್ಲಿ ‘ಪೊಂತೊಸ್’ ಆಗಿ ಸಮುದ್ರಕ್ಕೆ ಹೆಸರಾಯಿತು. ದ್ವೀಪದಿಂದ ದ್ವೀಪಕ್ಕೆ ಹೋಗುವ ಜನಕ್ಕೆ ಸಮುದ್ರವೇ ತಾನೇ ದಾರಿ. ಕನ್ನಡಕ್ಕೆ ಅದು ಸಂಸ್ಕೃತದಿಂದ ಬಂದು ಮನೆಮಾತೇ ಆಗಿಹೋಯಿತು. ಪಥ, ಪಥಿಕ, ಒಂದೇ ದಾರಿ ಹಿಡಿದವರ ಪಂಥ. ಕಾಯಿಲೆಯವರು ಮಾಡುವ ‘ಪಥ್ಯ’ವೂ ಇದೇ ವಂಶದ್ದು, ದಾರಿಗೆ ತಕ್ಕದ್ದು, ಹಿತವಾದದ್ದು ಎಂಬ ಅರ್ಥದಿಂದ ಅನ್ನದ ತಟ್ಟೆಯವರೆಗೆ ನಡೆದುಬಂದ ಮಾತು. ಮೊದಲಿನ ‘ಸ್’ ಎಂದರೆ ಜೊತೆ. ಅದನ್ನು ಭಾಷಾಶಾಸ್ತ್ರಜ್ಞರು ಸಂಸ್ಕೃತದ ‘ಸಮ್’ನೊಂದಿಗೆ ಹೋಲಿಸುವುದುಂಟು. ಕೊನೆಯ ‘ನಿಕ್’ ನಮ್ಮ ಗಾಣಿಗ, ಒಕ್ಕಲಿಗಗಳಲ್ಲಿ ‘ಇಗ’ ಮಾಡುವ ಕೆಲಸವನ್ನು ಮಾಡುತ್ತದೆ. ಮೂರನ್ನೂ ಕೂಡಿಸಿದರೆ ‘ಜೊತೆದಾರಿಗ’. ಸಂಸ್ಕೃತದ ಅಚ್ಚಿನಲ್ಲಿ ಹೇಳುವುದಾದರೆ ಸಹಪಥಿಕ.

ರಷ್ಯಾದಲ್ಲಿ ಇದು ರಾಕೆಟ್ಟಿಗಿಂತ ಬಹಳ ಹಿಂದಿನ, ದಿನಬಳಕೆಯ ಮಾತು. ರೈಲಿನಲ್ಲಿ ಎದುರು ಸೀಟಿನಲ್ಲಿ ಕೂತು ಬುತ್ತಿ ಬಿಚ್ಚುವವನು ಸ್ಪುತ್ನಿಕ್. ನಾವು ಬಾಳಸಂಗಾತಿ ಎನ್ನುವ ಕಡೆ ಅವರು ‘ಬಾಳಿನ ಸ್ಪುತ್ನಿಕ್’ ಎನ್ನುತ್ತಾರೆ. ವೇರಾ ಪನೋವಾ 1946ರಲ್ಲಿ ಈ ಪದದ ಬಹುವಚನವನ್ನೇ ಹೆಸರಾಗಿಟ್ಟು ಒಂದು ಕಾದಂಬರಿ ಪ್ರಕಟಿಸಿದರು. ಅದರಲ್ಲಿ ಆಕಾಶಕಾಯವೊಂದೂ ಇಲ್ಲ. ಯುದ್ಧದಲ್ಲಿ ಗಾಯಗೊಂಡವರನ್ನು ಹೊತ್ತು ತಿರುಗುವ ಆಸ್ಪತ್ರೆ ರೈಲಿನ ವೈದ್ಯರು, ದಾದಿಯರು, ಕೈಕಾಲು ಕಳೆದುಕೊಂಡ ಸೈನಿಕರು ಅದರ ಸ್ಪುತ್ನಿಕ್‌ಗಳು. ಇನ್ನೊಂದು ಕಡೆ ಖಗೋಳಶಾಸ್ತ್ರದವರೂ ಇದನ್ನೇ ಬಳಸುತ್ತಿದ್ದರು. ಚಂದ್ರ ಭೂಮಿಯ ಸ್ಪುತ್ನಿಕ್, ಗುರುವನ್ನು ಸುತ್ತುವ ಚಂದ್ರರು ಗುರುವಿನ ಸ್ಪುತ್ನಿಕ್‌ಗಳು. ಹೀಗೆ ಭೂಮಿಗೆ ಒಬ್ಬ ಹೊಸ ಜೊತೆಗಾರನನ್ನು ಮನುಷ್ಯರೇ ಮಾಡಿ ಕಳಿಸಿದಾಗ ರಷ್ಯನ್ ಭಾಷೆ ಹೊಸ ಪದ ಹುಡುಕಬೇಕಾಗಿ ಬರಲಿಲ್ಲ. ‘ಕೃತಕ’ ಎಂಬ ವಿಶೇಷಣವೊಂದನ್ನು ಮುಂದೆ ಇಟ್ಟರೆ ಸಾಕಾಯಿತು.

1957ರ ಅಕ್ಟೋಬರ್ 4ರ ರಾತ್ರಿ, ಮಾಸ್ಕೋ ಗಡಿಯಾರದಲ್ಲಿ 10 ಗಂಟೆ 28 ನಿಮಿಷ. ಕಜಕ್‌ಸ್ತಾನದ ಹುಲ್ಲುಗಾವಲಿನ ತ್ಯುರಾತಾಮ್‌ನಿಂದ ಆರ್–7 ರಾಕೆಟ್ ಮೇಲೆದ್ದಿತು. ಭಾರತದಲ್ಲಿ ಆಗ ತಾರೀಖು ಬದಲಾಗಿ ಐದಾಗಿತ್ತು, ನಡುರಾತ್ರಿ ಕಳೆದು ಒಂದು ಗಂಟೆಯಾಗುತ್ತಿತ್ತು. ರಾಕೆಟ್ಟಿನ ತುದಿಯಲ್ಲಿದ್ದದ್ದು 58 ಸೆಂಟಿಮೀಟರ್ ವ್ಯಾಸದ, ಕನ್ನಡಿಯಂತೆ ಉಜ್ಜಿ ಹೊಳಪು ಕೊಟ್ಟ ಲೋಹದ ಚೆಂಡು, ತೂಕ 83.6 ಕಿಲೋಗ್ರಾಂ. ಹಿಂದಕ್ಕೆ ಚಾಚಿದ ನಾಲ್ಕು ಆಂಟೆನಾ, ಒಳಗೆ ಒಂದು ವಾಟ್ ಶಕ್ತಿಯ ರೇಡಿಯೊ ಪ್ರೇಷಕ ಮತ್ತು ಬ್ಯಾಟರಿಗಳು. ಮೊದಲು ಹಾರಿಸಬೇಕೆಂದಿದ್ದದ್ದು ಉಪಕರಣಗಳಿಂದ ತುಂಬಿದ ಇನ್ನೂ ದೊಡ್ಡ ಉಪಗ್ರಹವನ್ನು. ಅದು ಹೊತ್ತಿಗೆ ಸಿದ್ಧವಾಗುವಂತೆ ಕಾಣದಾಗ ಸೆರ್ಗೆಯ್ ಕೊರೊಲ್ಯೋವ್ ಮತ್ತು ಅವರ ತಂಡ ಈ ಚೆಂಡನ್ನು ತ್ವರೆಯಿಂದ ಕಟ್ಟಿತು. ಕಾರ್ಖಾನೆಯಲ್ಲಿ ಅದಕ್ಕಿದ್ದ ಹೆಸರು ‘ಪಿ.ಎಸ್.–1’, ಅಂದರೆ ‘ಅತಿ ಸರಳ ಸ್ಪುತ್ನಿಕ್’ಗಳಲ್ಲಿ ಮೊದಲನೆಯದು. ಅದಕ್ಕೆ ಅವರು ಇಟ್ಟ ಹೆಸರು ಅಷ್ಟೇ ಎಂಬುದು ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ಅವರು ಒಬ್ಬ ದೇವತೆಯ ಹೆಸರನ್ನಾಗಲಿ, ನಾಯಕನ ಹೆಸರನ್ನಾಗಲಿ ಇಡಲಿಲ್ಲ. ನಮ್ಮಲ್ಲಿ ‘ಎತ್ತು’, ‘ಬಂಡಿ’ ಇರುವ ಹಾಗೆ ಅವರ ಭಾಷೆಯಲ್ಲಿ ಅದೊಂದು ಸಾಮಾನ್ಯ ನಾಮಪದ.

ಅಂಕಿತನಾಮವಾದದ್ದು ಹೊರದೇಶಗಳಲ್ಲಿ. ಮರುದಿನದ ‘ಪ್ರಾವ್ದಾ’ ಪತ್ರಿಕೆ ಸುದ್ದಿಯನ್ನು ಹೆಚ್ಚು ಅಬ್ಬರವಿಲ್ಲದೆ ಕೊಟ್ಟಿತ್ತು. ಜಗತ್ತಿನ ಪತ್ರಿಕೆಗಳು ಬೊಬ್ಬೆ ಹಾಕಿದ ಮೇಲೆ, 6ನೇ ತಾರೀಖು, ಅದರ ಮುಖಪುಟ ತುಂಬಿತು. ಅಷ್ಟರಲ್ಲಿ ರಷ್ಯನ್ ಪ್ರಕಟಣೆಯಲ್ಲಿದ್ದ ‘ಸ್ಪುತ್ನಿಕ್’ ಎಂಬ ಮಾತನ್ನು ಬೇರೆ ಭಾಷೆಗಳವರು ಅನುವಾದ ಮಾಡದೆ ಹಾಗೇ ಎತ್ತಿಕೊಂಡರು, ಅದೇ ಅದರ ಹೆಸರೆಂಬಂತೆ. ಇದಕ್ಕೆ ಸಾಮ್ಯ ಹೇಳಬೇಕಾದರೆ, ಊರಿಗೆ ಬಂದ ಹೊಸಬನ ಜೊತೆಗಿದ್ದವರು ‘ಇವನು ನಮ್ಮ ಗೆಳೆಯ’ ಎಂದರೆ ಊರವರೆಲ್ಲ ಅವನ ಹೆಸರೇ ಗೆಳೆಯ ಎಂದುಕೊಂಡ ಹಾಗೆ. ರಷ್ಯನ್ನರು ಇಂದಿಗೂ ಅಮೆರಿಕದ ಉಪಗ್ರಹವನ್ನೂ ನಮ್ಮ ಉಪಗ್ರಹವನ್ನೂ ಸ್ಪುತ್ನಿಕ್ ಎಂದೇ ಕರೆಯುತ್ತಾರೆ. ಉಳಿದವರಿಗೆ ಸ್ಪುಟ್ನಿಕ್ ಎಂದರೆ ಬೀಪ್ ಬೀಪ್ ಎನ್ನುತ್ತಿದ್ದ ಆ ಒಂದು ಚೆಂಡು.

ಆ ಸದ್ದು ಕೇಳಲು ಸರ್ಕಾರದ ಯಂತ್ರಾಗಾರ ಬೇಕಿರಲಿಲ್ಲ. 20.005 ಮತ್ತು 40.002 ಮೆಗಾಹರ್ಟ್ಸ್‌ನಲ್ಲಿ ಅದು ಮಿಡಿಯುತ್ತಿತ್ತು. ಹವ್ಯಾಸಿ ರೇಡಿಯೊ ಇಟ್ಟುಕೊಂಡವರೂ ಹಿಡಿಯಬಹುದಾದ ಅಲೆ ಅದು. 96 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತ 21 ದಿನ ಮಿಡಿದು, ಬ್ಯಾಟರಿ ಮುಗಿದು ಮೌನವಾಯಿತು. ಆಕಾಶದಲ್ಲಿ ಅದನ್ನು ನೋಡಿದೆವು ಎಂದು ಹೇಳುವ ಹಿರಿಯರು ಲೋಕದ ತುಂಬ ಇದ್ದಾರೆ. ಬರಿಗಣ್ಣಿಗೆ ಕಂಡದ್ದು ಆ ಪುಟ್ಟ ಚೆಂಡಲ್ಲ, ಅದರ ಜೊತೆಯಲ್ಲೇ ಕಕ್ಷೆ ಸೇರಿದ್ದ ರಾಕೆಟ್ಟಿನ ನಡುಭಾಗ. ಜೊತೆದಾರಿಗನಿಗೂ ಒಬ್ಬ ಜೊತೆದಾರಿಗ ಇದ್ದ. ಅವನು ಡಿಸೆಂಬರ್ ಮೊದಲಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋದ. ಚೆಂಡು 1958ರ ಜನವರಿ 4ರವರೆಗೆ ಒಂಟಿಯಾಗಿ ಸುತ್ತಿತು.

ಅಮೆರಿಕದ ಓದುಗರಿಗೆ ಪತ್ರಿಕೆಗಳು ‘ಸ್ಪುತ್ನಿಕ್ ಎಂದರೆ ಸಹಪ್ರಯಾಣಿಕ’ ಎಂದು ಅರ್ಥ ಹೇಳಿದಾಗ ಇನ್ನೊಂದು ಮುಳ್ಳು ಚುಚ್ಚಿತು. 1920ರ ದಶಕದಲ್ಲಿ ಸೋವಿಯತ್ ನಾಯಕ ತ್ರಾತ್‌ಸ್ಕಿ, ಕ್ರಾಂತಿಗೆ ಪಕ್ಷದೊಳಗಿಂದಲ್ಲದೆ ಪಕ್ಕದಿಂದ ಸಹಾನುಭೂತಿ ತೋರುವ ಲೇಖಕರನ್ನು ‘ಪೊಪುತ್ಚಿಕ್’ ಎಂದು ಕರೆದಿದ್ದರು. ಅದರಲ್ಲಿಯೂ ಇರುವುದು ಅದೇ ‘ಪುತ್’, ಅದೇ ದಾರಿ. ಅದು ಇಂಗ್ಲಿಷಿಗೆ ‘ಫೆಲೊ ಟ್ರಾವೆಲರ್’ ಎಂದಾಗಿ ಹೋಗಿ, 1950ರ ದಶಕದ ಅಮೆರಿಕದಲ್ಲಿ ಜನರ ನೌಕರಿ ಕಳೆಯುವಷ್ಟು ಅಪಾಯದ ಮಾತಾಗಿತ್ತು. ಈಗ ಅದೇ ಅರ್ಥದ ಹೆಸರು ಹೊತ್ತ ಒಂದು ಚೆಂಡು ಅವರ ತಲೆಯ ಮೇಲೆ ದಿನಕ್ಕೆ ಹಲವು ಸಲ ಹಾದುಹೋಗುತ್ತಿತ್ತು. ಕನ್ನಡದಲ್ಲಿ ನಾವು ಎಡಪಂಥ, ಬಲಪಂಥ ಎನ್ನುವಾಗ ಆಡುವುದೂ ಅದೇ ಬೇರಿನ ಮಾತು. ಒಂದೇ ದಾರಿ ತ್ರಾತ್‌ಸ್ಕಿಯ ಬರಹದಲ್ಲಿ, ನಮ್ಮ ಸಂಪಾದಕೀಯಗಳಲ್ಲಿ, ಕೊರೊಲ್ಯೋವ್ ಅವರ ಚೆಂಡಿನಲ್ಲಿ ಮೂರು ಕವಲಾಗಿ ಕಾಣುವುದು ನನಗೆ ಇಂದಿಗೂ ಬೆರಗು.

ಇಂಗ್ಲಿಷಿನ ‘ಸ್ಯಾಟಲೈಟ್’ನ ಹಿಂದೆ ಬೇರೆಯೇ ಲೋಕವಿದೆ. ಲ್ಯಾಟಿನ್ನಿನ ‘ಸಟೆಲೆಸ್’ ಎಂದರೆ ದೊಡ್ಡವರ ಹಿಂದೆಮುಂದೆ ಇರುವ ಅಂಗರಕ್ಷಕ, ಊಳಿಗದವನು. ಕೆಲವೊಮ್ಮೆ ಬಾಲಬಡುಕ ಎಂಬ ತಾತ್ಸಾರವೂ ಅದರಲ್ಲಿತ್ತು. 1610ರ ಜನವರಿಯಲ್ಲಿ ಗೆಲಿಲಿಯೊ ಗುರುವಿನ ಸುತ್ತ ನಾಲ್ಕು ಚುಕ್ಕೆಗಳನ್ನು ಕಂಡು, ಅವಕ್ಕೆ ಫ್ಲಾರೆನ್ಸಿನ ಮೆದಿಚಿ ಮನೆತನದ ಹೆಸರಿಟ್ಟರು. ಅವನ್ನು ತಾನೂ ನೋಡಿ 1611ರಲ್ಲಿ ವರದಿ ಪ್ರಕಟಿಸಿದ ಕೆಪ್ಲರ್ ಆ ಚುಕ್ಕೆಗಳಿಗೆ ಬಳಸಿದ ಪದ ಸಟೆಲೆಸ್. ಕೆಪ್ಲರ್ ಆಗ ಪ್ರಾಗ್‌ನಲ್ಲಿ ಚಕ್ರವರ್ತಿಯ ಗಣಿತಜ್ಞರಾಗಿದ್ದರು. ದೊರೆ ನಡೆದಲ್ಲಿ ಸುತ್ತುವರಿದು ನಡೆಯುವ ಪರಿವಾರವನ್ನು ದಿನವೂ ಕಂಡ ಕಣ್ಣಿಗೆ ಆಕಾಶದಲ್ಲಿಯೂ ದರ್ಬಾರೇ ಕಂಡಿತೆಂದು ನನಗನ್ನಿಸುತ್ತದೆ. ರಷ್ಯನ್ ಭಾಷೆ ಈ ಲ್ಯಾಟಿನ್ ಪದವನ್ನೂ ಎರವಲು ಪಡೆದಿದೆ. ಆದರೆ ಅದನ್ನು ಬಲಿಷ್ಠ ದೇಶದ ಬಾಲಂಗೋಚಿಯಾಗಿರುವ ಸಣ್ಣ ದೇಶಗಳಿಗೆ ಮೀಸಲಿಟ್ಟು, ಚಂದ್ರನಿಗೆ ತನ್ನ ‘ಜೊತೆದಾರಿಗ’ನನ್ನು ಉಳಿಸಿಕೊಂಡಿತು. ಈ ವಿಂಗಡಣೆಯಲ್ಲಿ ಒಂದು ಔದಾರ್ಯವಿದೆ.

ಬೆಂಗಳೂರಿನಲ್ಲಿ ‘ಸ್ಯಾಟಲೈಟ್’ ಎಂದರೆ ಯಾರೂ ಆಕಾಶ ನೋಡುವುದಿಲ್ಲ. ಮೈಸೂರು ಕಡೆಯಿಂದ ಬರುವವರು ಕಂಡಕ್ಟರನ್ನು ‘ಸ್ಯಾಟಲೈಟಲ್ಲಿ ನಿಲ್ಲಿಸ್ತೀರಾ?’ ಎಂದು ಕೇಳುತ್ತಾರೆ. ಅದು ಮೆಜೆಸ್ಟಿಕ್ಕಿನ ಹೊರೆ ಇಳಿಸಲು ಮೈಸೂರು ರಸ್ತೆಯಲ್ಲಿ ಕಟ್ಟಿದ ಬಸ್ ನಿಲ್ದಾಣ. ಅದೇ ರಸ್ತೆಯಲ್ಲಿ ಇನ್ನೂ ಮುಂದಿರುವ ಕೆಂಗೇರಿ ಸ್ಯಾಟಲೈಟ್ ಟೌನ್ ಕನ್ನಡದ ಫಲಕದಲ್ಲಿ ‘ಕೆಂಗೇರಿ ಉಪನಗರ’. ಉಪಗ್ರಹದ ‘ಉಪ’ವನ್ನು ಇಳಿಸಿಕೊಂಡು ನಗರಕ್ಕೆ ಜೋಡಿಸಿದ ಈ ಅನುವಾದ ನನಗೆ ಬಹಳ ಇಷ್ಟ.

ಇನ್ನು ನಮ್ಮ ಉಪಗ್ರಹ. ಈ ಮೂರು ಪದಗಳಲ್ಲಿ ಅತಿ ವಿಚಿತ್ರವಾದ ಆಯುಷ್ಯ ಇದರದು. ‘ಗ್ರಹ’ದ ಧಾತುವಿಗೆ ಹಿಡಿ ಎಂದು ಅರ್ಥ. ಹಿಡಿಯುವುದೇ ಗ್ರಹ: ರಾಹು ಚಂದ್ರನನ್ನು ಹಿಡಿದರೆ ಗ್ರಹಣ, ಶನಿ ಮನುಷ್ಯನನ್ನು ಹಿಡಿದರೆ ಗ್ರಹಚಾರ, ಕೂಸನ್ನು ಹಿಡಿದರೆ ಬಾಲಗ್ರಹ. ಗ್ರಹದ ತದ್ಭವ ‘ಗರ’. ಮಾತೇ ಹೊರಡದೆ ನಿಂತವರನ್ನು ‘ಗರ ಬಡಿದವರ ಹಾಗೆ’ ಎನ್ನುತ್ತೇವಲ್ಲ, ಅದೇ. ನಮ್ಮವರು ‘ಗ್ರಹಣ ಹಿಡಿಯಿತು’ ಎನ್ನುವಾಗ ಹಿಡಿತವನ್ನು ಎರಡು ಸಲ, ಒಮ್ಮೆ ಸಂಸ್ಕೃತದಲ್ಲಿ ಒಮ್ಮೆ ಕನ್ನಡದಲ್ಲಿ, ಹೇಳಿದ ಹಾಗಾಗುತ್ತದೆ. ಅನುಗ್ರಹ, ನಿಗ್ರಹ, ಸಂಗ್ರಹ, ಆಗ್ರಹ, ಎಲ್ಲದರಲ್ಲೂ ಒಂದು ಕೈ ಏನನ್ನೋ ಹಿಡಿದಿದೆ. ಇದಕ್ಕೆ ‘ಉಪ’ ಸೇರಿದಾಗ ಅಮರಕೋಶದಲ್ಲಿ ಸಿಗುವ ಅರ್ಥ ಸೆರೆಯಾಳು. ಸಂಸ್ಕೃತ ವೈಯಾಕರಣರು ಪರಸ್ಮೈಪದ–ಆತ್ಮನೇಪದ ಎಂಬ ಭೇದಕ್ಕೂ ಉಪಗ್ರಹ ಎಂದರು. ಜ್ಯೋತಿಷ್ಯದವರು ನವಗ್ರಹಗಳ ಆಚೆ ಲೆಕ್ಕ ಹಾಕಿ ಕಂಡುಕೊಂಡ ಧೂಮ, ವ್ಯತೀಪಾತ, ಗುಳಿಕ ಮುಂತಾದ ಕಣ್ಣಿಗೆ ಕಾಣದ ಬಿಂದುಗಳನ್ನು ಉಪಗ್ರಹಗಳೆಂದರು. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲದ ಪಕ್ಕ ಅಚ್ಚಾಗುವ ಗುಳಿಕಕಾಲ ಆ ಹಳೆಯ ಉಪಗ್ರಹದ್ದೇ ಹೊತ್ತು.

ಅಂದರೆ ಹಳೆಯ ಲೆಕ್ಕದಲ್ಲಿ ಚಂದ್ರ ಉಪಗ್ರಹವೇ ಅಲ್ಲ. ಅವನು ದೇವಸ್ಥಾನದ ನವಗ್ರಹ ಕಟ್ಟೆಯ ಮೇಲೆ ಸೂರ್ಯನಷ್ಟೇ ಹಕ್ಕಿನಿಂದ ನಿಂತ ಪೂರ್ಣ ಗ್ರಹ. ಹೊಸ ಖಗೋಳವಿಜ್ಞಾನವನ್ನು ನಮ್ಮ ಭಾಷೆಗಳಿಗೆ ತಂದವರು ಸ್ಯಾಟಲೈಟಿಗೆ ಈ ಹಳೆಯ ಪದವನ್ನು ತೊಡಿಸಿದಾಗ ಸೂರ್ಯ ನಕ್ಷತ್ರವಾದ, ಭೂಮಿ ಗ್ರಹವಾಯಿತು, ಚಂದ್ರನಿಗೆ ಒಂದು ಮೆಟ್ಟಿಲು ಇಳಿಯಬೇಕಾಯಿತು. ಕಟ್ಟೆ ಸುತ್ತುವಾಗ ಅವನು ಗ್ರಹ, ಶಾಲೆಯಲ್ಲಿ ಉಪಗ್ರಹ; ಎರಡನ್ನೂ ನಾವು ಯಾವ ಇಕ್ಕಟ್ಟೂ ಇಲ್ಲದೆ ಒಟ್ಟಿಗೆ ಇಟ್ಟುಕೊಂಡಿದ್ದೇವೆ. ಇನ್ನು ‘ಸೆರೆಯಾಳು’ ಎಂಬ ಅಮರಕೋಶದ ಅರ್ಥ, ಯಾರೂ ಉದ್ದೇಶಿಸದೆಯೇ, ಭೌತಶಾಸ್ತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೆ ಓಡುವ ಚೆಂಡು ಪ್ರತಿ ಕ್ಷಣವೂ ಭೂಮಿಯತ್ತ ಬೀಳುತ್ತಲೇ ಇರುತ್ತದೆ. ಬೀಳುವಷ್ಟರಲ್ಲಿ ಭೂಮಿಯ ಮೈ ಕೆಳಗೆ ಬಾಗಿರುತ್ತದೆ, ಹಾಗಾಗಿ ನೆಲ ಮುಟ್ಟುವುದಿಲ್ಲ, ಬಿಡಿಸಿಕೊಂಡು ಹೋಗುವುದೂ ಇಲ್ಲ. ಆ ಮೊದಲ ಚೆಂಡಿನ ದಾರಿ ಒಂದು ಕಡೆ ನೆಲದಿಂದ 215 ಕಿಲೋಮೀಟರಿಗೆ ಇಳಿದು, ಇನ್ನೊಂದು ಕಡೆ 939ಕ್ಕೆ ಏರುತ್ತಿತ್ತು. ಇಳಿದಾಗಲೆಲ್ಲ ತೆಳುಗಾಳಿ ಸವರಿ ವೇಗ ಕುಗ್ಗುತ್ತ, 92 ದಿನಕ್ಕೆ ಸೆರೆಯೂ ಆಟವೂ ಮುಗಿಯಿತು.

ಚೆಂಡು ಉರಿದುಹೋಗುವ ಮೊದಲೇ ಅದರ ಪದ ಮರಿ ಹಾಕಲು ತೊಡಗಿತ್ತು. ನವೆಂಬರ್ 3ರಂದು ಲೈಕಾ ಎಂಬ ನಾಯಿಯನ್ನು ಹೊತ್ತ ಎರಡನೆಯ ಸ್ಪುತ್ನಿಕ್ ಹೋದಾಗ ಅಮೆರಿಕದ ಪತ್ರಿಕೆಗಳು ಬೆರಕೆನಾಯಿ ಎಂಬರ್ಥದ ‘ಮಟ್’ಗೆ ನಿಕ್ ಸೇರಿಸಿ ‘ಮಟ್ನಿಕ್’ ಎಂದವು. ಆ ನಾಯಿ ತಿರುಗಿ ಬರುವ ಏರ್ಪಾಡೇ ಇರಲಿಲ್ಲ ಎಂಬುದನ್ನು ನೆನೆದರೆ ಆ ಪದ ಓದಲು ಮನಸ್ಸಾಗುವುದಿಲ್ಲ. ಡಿಸೆಂಬರ್ 6ರಂದು ಅಮೆರಿಕದ ವ್ಯಾನ್‌ಗಾರ್ಡ್ ರಾಕೆಟ್ ನೆಲದಿಂದ ಒಂದೆರಡು ಮೀಟರ್ ಏರಿ ಕುಸಿದು ಸಿಡಿದಾಗ ‘ಫ್ಲಾಪ್ನಿಕ್’, ‘ಕಪುಟ್ನಿಕ್’ ಹುಟ್ಟಿದವು. 1958ರ ಏಪ್ರಿಲ್ 2ರಂದು ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್‌ನ ಅಂಕಣಕಾರ ಹರ್ಬ್ ಕೇನ್ ಅಲ್ಲಿನ ‘ಬೀಟ್’ ಕವಿಗಳ ಹಿಂದೆ ತಿರುಗುವ ಗಡ್ಡದ ಹುಡುಗರನ್ನು ‘ಬೀಟ್ನಿಕ್’ ಎಂದು ಕರೆದರು. ಅದು ನಿಘಂಟಿಗೆ ಸೇರಿತು. ಇಂಗ್ಲಿಷಿಗೆ ಈ ‘ನಿಕ್’ ಯಿಡ್ಡಿಷ್ ಭಾಷಿಕರಿಂದ ಮೊದಲೇ ಅಷ್ಟಿಷ್ಟು ಪರಿಚಯವಿತ್ತು, ಅದನ್ನು ಎಲ್ಲರ ನಾಲಿಗೆಗೆ ತಂದದ್ದು ಆ ಚೆಂಡು. ಯುದ್ಧ ಬೇಡ ಎಂದವರು ‘ಪೀಸ್ನಿಕ್’ ಆದರು. ಸೋವಿಯತ್ ದೇಶ ಬಿಟ್ಟುಹೋಗಲು ಅನುಮತಿ ಸಿಗದ ಯಹೂದಿಗಳು 1970ರ ದಶಕದಲ್ಲಿ ‘ರೆಫ್ಯೂಸ್ನಿಕ್’ ಆದರು. ಅವರನ್ನು ಹೊರಟುಹೋಗಲು ಬಿಡಲಿಲ್ಲ ಎಂಬುದನ್ನು ಹೇಳಲು ದಾರಿ ನಡೆಯುವವನ ಪ್ರತ್ಯಯವೇ ಬಂತು.

ಆಮೇಲೆ ಈ ಹೆಸರು ಹೋದ ಕಡೆಗಳನ್ನೆಲ್ಲ ಹಿಂಬಾಲಿಸುವುದು ಕಷ್ಟ. 1967ರಲ್ಲಿ ಶುರುವಾದ ‘ಸ್ಪುತ್ನಿಕ್’ ಎಂಬ ಸೋವಿಯತ್ ಮಾಸಪತ್ರಿಕೆಯನ್ನು 1988ರ ನವೆಂಬರ್‌ನಲ್ಲಿ ಸೋವಿಯತ್ತಿನ ಗೆಳೆಯ ರಾಷ್ಟ್ರವೇ ಆಗಿದ್ದ ಪೂರ್ವ ಜರ್ಮನಿ ತಡೆದುಬಿಟ್ಟಿತು. ಗೊರ್ಬಚೇವ್ ಕಾಲದ ಬಿಚ್ಚುಮಾತು ಅದರ ಪುಟಗಳಿಗೆ ಬಂದದ್ದು ತಪ್ಪಾಗಿತ್ತು. ಅದೇ ಹೆಸರಿನಲ್ಲಿ 2014ರಲ್ಲಿ ಹುಟ್ಟಿದ ರಷ್ಯಾ ಸರ್ಕಾರದ ಸುದ್ದಿಸಂಸ್ಥೆಯನ್ನು 2022ರ ಮಾರ್ಚ್‌ನಲ್ಲಿ, ಉಕ್ರೇನ್ ಮೇಲಿನ ದಾಳಿಯ ಬೆನ್ನಲ್ಲೇ, ಯುರೋಪಿಯನ್ ಒಕ್ಕೂಟ ನಿಷೇಧಿಸಿತು. ಜಪಾನಿನ ಲೇಖಕ ಮುರಕಾಮಿ 1999ರ ಕಾದಂಬರಿಯೊಂದರಲ್ಲಿ ಬೀಟ್ನಿಕ್ ಎನ್ನಬೇಕಾದಲ್ಲಿ ಸ್ಪುಟ್ನಿಕ್ ಎಂದುಬಿಡುವ ಹೆಂಗಸನ್ನು ಸೃಷ್ಟಿಸಿ, ಆ ತಪ್ಪಿನ ಸುತ್ತ ಒಂಟಿತನದ ಕತೆಯನ್ನೇ ಹೆಣೆದರು. 2008ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು, ತಾನೊಬ್ಬನೇ ಬೆಳೆಯಲಾರದ, ದೈತ್ಯ ವೈರಸ್ಸೊಂದರ ಜೊತೆಯಲ್ಲಿ ಮಾತ್ರ ಹೆಚ್ಚುವ ಕಿರು ವೈರಸ್ಸಿಗೆ ಸ್ಪುಟ್ನಿಕ್ ಎಂದು ಹೆಸರಿಟ್ಟರು. ಜೊತೆಗಾರ ಎಂಬ ಮೂಲಾರ್ಥ ಅವರಿಗೆ ನೆನಪಿತ್ತು, ಆದರೆ ಆ ಜೊತೆಗಾರ ದೈತ್ಯನನ್ನು ಸೊರಗಿಸುವವನು. ಪ್ಲೂಟೊದ ಮೇಲಿನ ಹೃದಯದಾಕಾರದ ಪ್ರದೇಶದಲ್ಲಿರುವ ಸಾರಜನಕದ ಹಿಮದ ಬಯಲಿಗೆ 2017ರಿಂದ ಅಧಿಕೃತ ಹೆಸರು ‘ಸ್ಪುಟ್ನಿಕ್ ಪ್ಲಾನಿಷಿಯ’.

ನಮ್ಮ ಓಣಿಗಳಿಗೆ ಈ ಪದ ಎರಡನೆಯ ಸಲ ಬಂದದ್ದು ಕೋವಿಡ್ ಕಾಲದಲ್ಲಿ, ‘ಸ್ಪುಟ್ನಿಕ್–ವಿ’ ಲಸಿಕೆಯಾಗಿ. 2021ರ ಮೇ 1ರಂದು ಅದರ ಮೊದಲ ಕಂತು ಹೈದರಾಬಾದಿಗೆ ಇಳಿಯಿತು. ಧಾರವಾಡದಲ್ಲಿ ಅದನ್ನು ತಯಾರಿಸುವ ಒಪ್ಪಂದಕ್ಕೆ ರಾಯಚೂರಿನ ಶಿಲ್ಪಾ ಮೆಡಿಕೇರ್ ಅದೇ ತಿಂಗಳು ಸಹಿ ಹಾಕಿತು. ಆ ಬೇಸಿಗೆಯಲ್ಲಿ ಆಮ್ಲಜನಕದ ಸಿಲಿಂಡರಿಗಾಗಿ ಜನ ಅಲೆಯುತ್ತಿದ್ದಾಗ ಪತ್ರಿಕೆಯಲ್ಲಿ ಈ ಹೆಸರು ಓದಿ, ಜೊತೆಗಾರ ಎಂಬ ಅರ್ಥ ಇವರಿಗೆಲ್ಲ ತಿಳಿದಿದ್ದರೆ ಎಂದು ನಾನು ಹಂಬಲಿಸಿದ್ದುಂಟು.

ಆದರೆ ಈ ಪದಕ್ಕೂ ಕರ್ನಾಟಕಕ್ಕೂ ಇರುವ ನಿಜವಾದ ನಂಟು ಇನ್ನೂ ಹಳೆಯದು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಭಾರತದ ಮೊದಲ ಉಪಗ್ರಹ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ತಯಾರಾಯಿತು. ತೂಕ 360 ಕಿಲೋಗ್ರಾಂ. ಹಾರಿಸಿಕೊಡಲು ಒಪ್ಪಿದವರು ಸೋವಿಯತ್ತಿನವರು. ಹೆಸರು ಇಡುವಾಗ ಪ್ರಧಾನಿ ಇಂದಿರಾ ಗಾಂಧಿಯವರ ಮುಂದೆ ಮೂರು ಸೂಚನೆಗಳಿದ್ದವು: ಆರ್ಯಭಟ, ಮಿತ್ರ, ಜವಾಹರ್. ಎರಡು ದೇಶಗಳ ಸ್ನೇಹದ ಗುರುತಾಗಿ ಸೂಚಿಸಿದ ‘ಮಿತ್ರ’ ಆಯ್ಕೆಯಾಗಿದ್ದರೆ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಸ್ಪುತ್ನಿಕ್ ಎಂಬ ಪದದ ಅರ್ಥವೇ ನಮ್ಮ ಮೊದಲ ಉಪಗ್ರಹದ ಹೆಸರಾಗಿಬಿಡುತ್ತಿತ್ತು. ಇಂದಿರಾ ಆರಿಸಿದ್ದು ಆರ್ಯಭಟನನ್ನು. ಆ ಆಯ್ಕೆಯನ್ನೂ ನಾನು ತಪ್ಪು ಎನ್ನಲಾರೆ. ಗ್ರಹಗಳ ಕಕ್ಷೆಗಳನ್ನು ಒಂದರ ಕೆಳಗೊಂದು ಹೇಳುತ್ತ ಬರುವ ಆರ್ಯಭಟ, ಎಲ್ಲದರ ನಡುವೆ ನಿಂತ ಭೂಮಿಯನ್ನು ಕಣದ ನಡುವೆ ನೆಟ್ಟ ಕಂಬಕ್ಕೆ ಹೋಲಿಸಿದ್ದಾನೆ. ನಮ್ಮಲ್ಲಿ ಅದಕ್ಕೆ ಮೇಟಿ ಎನ್ನುತ್ತೇವೆ. ತೆನೆ ತುಳಿಯುವ ಎತ್ತುಗಳು ಹಗ್ಗದ ಅಳತೆಯಲ್ಲಿ ಅದನ್ನೇ ಸುತ್ತುತ್ತವೆ.

1975ರ ಏಪ್ರಿಲ್ 19ರಂದು ‘ಆರ್ಯಭಟ’ ರಷ್ಯಾದ ಕಪುಸ್ತಿನ್ ಯಾರ್‌ನಿಂದ ಹೊರಟಿತು. ಕೆಲವೇ ದಿನಗಳಲ್ಲಿ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಅದರ ಪ್ರಯೋಗಗಳು ನಿಂತವು. ಆದರೂ ಅದು ಮೇಟಿಯ ಸುತ್ತ 1992ರ ಫೆಬ್ರವರಿಯವರೆಗೆ ಸುತ್ತುತ್ತಲೇ ಇತ್ತು. ಅದನ್ನು ದಾರಿಗೆ ಹಚ್ಚಿಕೊಟ್ಟ ದೇಶ ಅಷ್ಟರಲ್ಲಿ ಇಲ್ಲವಾಗಿ ಸುಮಾರು ಒಂದೂವರೆ ತಿಂಗಳಾಗಿತ್ತು.